ಎರಡನೇ ಶನಿವಾರದ ಪುಸ್ತಕ

ಅಪ್ಪ ತೀರಿಕೊಂಡು ಒಂದು ವರ್ಷ ತುಂಬಿದ ಆಗಸ್ಟ್ ತಿಂಗಳಿನಲ್ಲಿ, ವರ್ಷದ ಕಾರ್ಯಕ್ಕೆಂದು ನಾವು ಮೂವರು ಮಕ್ಕಳೂ ತಿಪಟೂರಿನ ಬಳಿಯ ನಮ್ಮ ಊರಿನಲ್ಲಿ ಸೇರಿದ್ದೆವು. ಎಡೆ ಇಟ್ಟು ನಡುಮನೆಯಲ್ಲಿ ಊಟಕ್ಕೆ ಕುಳಿತ ಹೊತ್ತಿಗೆ ಹೊರಗೆ ಮಳೆ ಹಿಡಿಯಿತು. ಸೂರಿನಿಂದ ಇಳಿಯುತ್ತಿದ್ದ ನೀರನ್ನು ನೋಡುತ್ತ ಅಕ್ಕ, ‘ಮಘೆ ಮಳೆ ಬಂದಷ್ಟೂ ಒಳ್ಳೇದು ಅಂತ ಅಪ್ಪ ಹೇಳೋರು, ಅದರ ಜೊತೆಗೆ ಇನ್ನೊಂದು ಮಾತಿತ್ತಲ್ಲ, ಏನದು?’ ಎಂದು ಕೇಳಿದಳು. ಅಕ್ಕ ಶಾಲೆಯಲ್ಲಿ ಕನ್ನಡ ಕಲಿಸುವವಳು, ತಮ್ಮ ಇಂಜಿನಿಯರು, ನಾನು ಬ್ಯಾಂಕಿನವನು. ಮೂವರೂ ಚಿಕ್ಕಂದಿನಲ್ಲಿ ಆ ಮಾತನ್ನು ವರ್ಷಕ್ಕೊಮ್ಮೆಯಾದರೂ ಕೇಳಿ ಬೆಳೆದವರೇ, ಆದರೆ ಒಬ್ಬರ ಬಾಯಿಗೂ ಅದು ಬರಲಿಲ್ಲ. ತಮ್ಮ ಎಡಗೈಯಿಂದ ಮೊಬೈಲ್ ತೆಗೆದು ಹುಡುಕಲು ಶುರುಮಾಡಿದ. ಅಷ್ಟರಲ್ಲಿ ಒಬ್ಬಟ್ಟಿನ ತಟ್ಟೆ ಹಿಡಿದು ಬಂದ ಅವ್ವ, ಬೇಕೋ ಬೇಡವೋ ಎಂದೂ ಕೇಳದೆ ನನ್ನ ಎಲೆಗೆ ಇನ್ನೊಂದನ್ನು ಹಾಕಿ, ‘ಮನೆ ಮಗ ಉಂಡಷ್ಟೂ ಒಳ್ಳೇದು’ ಎಂದು ಹೇಳಿ ಮುಂದಿನ ಎಲೆಗೆ ಹೋದಳು.

ಬೆಂಗಳೂರಿಗೆ ಮರಳುವ ರೈಲಿನಲ್ಲಿ ಕುಳಿತು ನಾನು ಒಂದು ಲೆಕ್ಕ ಹಾಕಿದೆ. ಅವ್ವನಿಗೆ ಆಗ 76 ವರ್ಷ. ನಾನು ಊರಿಗೆ ಬರುತ್ತಿದ್ದುದು ವರ್ಷಕ್ಕೆ ನಾಲ್ಕು ಸಲ: ಯುಗಾದಿಗೊಮ್ಮೆ, ಗೌರಿ ಹಬ್ಬಕ್ಕೊಮ್ಮೆ, ದೀಪಾವಳಿಗೊಮ್ಮೆ, ಮತ್ತೆ ನಂಟರಲ್ಲಿ ಯಾರದಾದರೂ ಮದುವೆಗೋ ಸಾವಿಗೋ ಒಮ್ಮೆ. ಬಂದಾಗ ಉಳಿಯುತ್ತಿದ್ದುದು ಎರಡು ದಿನ. ಅವಳು ಇನ್ನು ಹತ್ತು ವರ್ಷ ಗಟ್ಟಿಯಾಗಿರುತ್ತಾಳೆ ಎಂದುಕೊಂಡರೂ ಒಟ್ಟು 80 ದಿನಗಳಾಗುತ್ತವೆ. ಅದರಲ್ಲಿ ಹಬ್ಬದ ಅಡುಗೆ, ನಂಟರ ಉಪಚಾರ, ನನ್ನ ಮಧ್ಯಾಹ್ನದ ನಿದ್ದೆ ಇವನ್ನೆಲ್ಲ ಕಳೆದರೆ ಅವಳ ಎದುರು ಕುಳಿತುಕೊಳ್ಳುವುದಕ್ಕೆ ಎಷ್ಟು ಗಂಟೆ ಉಳಿಯುತ್ತದೆ ಎಂದು ಲೆಕ್ಕ ಮಾಡಲು ಹೋಗಿ, ಗುಬ್ಬಿ ಸ್ಟೇಷನ್ನಿನ ಹತ್ತಿರ ನಿಲ್ಲಿಸಿಬಿಟ್ಟೆ. ಅವ್ವನ ಬಾಯಲ್ಲಿರುವ ಗಾದೆಗಳನ್ನು ಬರೆದಿಟ್ಟುಕೊಳ್ಳಬೇಕು, ಅದಕ್ಕಾಗಿ ತಿಂಗಳಿಗೊಮ್ಮೆಯಾದರೂ ಊರಿಗೆ ಹೋಗಬೇಕು ಎಂದು ತೀರ್ಮಾನಿಸಿದ್ದು ಅಲ್ಲಿ. ಇದನ್ನು ದೊಡ್ಡ ಸಂಕಲ್ಪವೆಂದೇನೂ ನಾನು ಭಾವಿಸಿರಲಿಲ್ಲ. ನಾಲ್ಕೈದು ಭೇಟಿಗಳಲ್ಲಿ ಮುಗಿದುಹೋಗುವ ಬರವಣಿಗೆಯ ಕೆಲಸ ಎಂದುಕೊಂಡಿದ್ದೆ.

ಹೋಗಬೇಕೆಂದರೆ ಸಮಯ ಬೇಕು, ಸಮಯ ಎಲ್ಲಿ ಹೋಗುತ್ತಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. 27 ವರ್ಷ ಬ್ಯಾಂಕಿನಲ್ಲಿ ಜಮಾ ಖರ್ಚು ನೋಡಿದವನಿಗೆ ತಿಳಿದಿರುವ ದಾರಿ ಒಂದೇ, ಬರೆದು ನೋಡುವುದು. ಒಂದು ಚಿಕ್ಕ ಪುಸ್ತಕದಲ್ಲಿ ನಾಲ್ಕು ವಾರ, ಪ್ರತಿ ರಾತ್ರಿ ಮಲಗುವ ಮೊದಲು, ಆ ದಿನದ ಗಂಟೆಗಳನ್ನು ಬರೆದೆ. ವಾರದ 168 ಗಂಟೆಗಳಲ್ಲಿ ಸರಾಸರಿ ನಿದ್ದೆಗೆ 46, ಶಾಖೆಯ ಕೆಲಸಕ್ಕೆ 50, ಮನೆಯಿಂದ ಶಾಖೆಗೆ ಓಡಾಟಕ್ಕೆ 13, ಸ್ನಾನ, ಊಟ, ಅಂಗಡಿ, ಮನೆಯ ಇತರ ಕೆಲಸಗಳಿಗೆ 29, ನಮ್ಮ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘದ ಕಾರ್ಯದರ್ಶಿಗಿರಿಗೆ 6 ಗಂಟೆಗಳು ಹೋಗುತ್ತಿದ್ದವು. ಉಳಿದ 24 ಗಂಟೆಗಳು ಏನಾದವೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಯಾವ ಖಾತೆಗೆ ಸೇರಬೇಕೆಂದು ತಿಳಿಯದ ಹಣವನ್ನು ನಾವು ಬ್ಯಾಂಕಿನಲ್ಲಿ ತಾತ್ಕಾಲಿಕವಾಗಿ ಸಸ್ಪೆನ್ಸ್ ಖಾತೆಯಲ್ಲಿ ಇಡುತ್ತೇವೆ. ಅಲ್ಲಿ ಅದು ಹೆಚ್ಚು ದಿನ ಕೂತರೆ ತಪಾಸಣೆಗೆ ಬಂದವರು ಮೊದಲು ಬೆರಳಿಡುವುದೇ ಅದರ ಮೇಲೆ. ವಾರದಲ್ಲಿ ಇಡೀ ಒಂದು ದಿನ ನನ್ನ ಸಸ್ಪೆನ್ಸ್ ಖಾತೆಯಲ್ಲಿ ಕೂತಿತ್ತು. ಮೊಬೈಲಿನ ಸೆಟ್ಟಿಂಗ್ಸ್ ತೆರೆದು ನೋಡಿದ ಮೇಲೆ ಅದರಲ್ಲಿ ಮುಕ್ಕಾಲು ಪಾಲು ಎಲ್ಲಿಗೆ ಸೇರಬೇಕೆಂದು ತಿಳಿಯಿತು. ಕಾಲು ಪಾಲು ಇವತ್ತಿಗೂ ತಾಳೆಯಾಗಿಲ್ಲ.

ಬ್ಯಾಂಕುಗಳಿಗೆ 2015ರ ಸೆಪ್ಟೆಂಬರಿನಿಂದ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಇದೆ. ಆ ರಜೆ ಬಂದ ಹೊಸತರಲ್ಲಿ ಏನೇನೋ ಯೋಚನೆಗಳಿದ್ದವು, ಆಮೇಲೆ ಅವೂ ಮಿಕ್ಕ ದಿನಗಳ ಹಾಗೆಯೇ ಆಗಿದ್ದವು. ಈಗ ಎರಡನೇ ಶನಿವಾರವನ್ನು ಊರಿಗೂ ನಾಲ್ಕನೆಯದನ್ನು ಮನೆಗೂ ಮೀಸಲಿಟ್ಟೆ, ಸಂಘದ ಕಾರ್ಯದರ್ಶಿಗಿರಿಯನ್ನು ಬಿಟ್ಟೆ. ಅದನ್ನು ಬಿಡುವುದು ನಾನು ಎಣಿಸಿದ್ದಕ್ಕಿಂತ ಕಷ್ಟವಾಯಿತು ಎಂದು ಒಪ್ಪಿಕೊಳ್ಳಬೇಕು, ಏಕೆಂದರೆ ನೀರಿನ ಟ್ಯಾಂಕರ್‌ಗೂ ಲಿಫ್ಟ್ ರಿಪೇರಿಗೂ ಜನ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದುದು ನನಗೆ ಒಳಗೊಳಗೇ ಹಿತವಾಗಿತ್ತು. ಮುಂದೆ ಈ ವಿಷಯವನ್ನು ಅವ್ವನಿಗೆ ಹೇಳಿದಾಗ ಅವಳು ಒಂದು ಕ್ಷಣವೂ ತಡಮಾಡದೆ ‘ಊರಿಗುಪಕಾರಿ, ಮನೆಗೆ ಮಾರಿ’ ಎಂದಳು. ಅದು ನನ್ನ ಪುಸ್ತಕದಲ್ಲಿ ನನ್ನದೇ ಹೆಸರಿನಲ್ಲಿ ದಾಖಲಾದ ಮೊದಲ ಗಾದೆ. ನನ್ನ ಹೆಂಡತಿಯ ಅಭಿಪ್ರಾಯ ಬೇರೆಯಿತ್ತು. ತಿಂಗಳಿಗಿರುವ ಎರಡು ಶನಿವಾರಗಳಲ್ಲಿ ಒಂದು ಅತ್ತೆಯ ಗಾದೆಗಳಿಗೆ ಹೋದರೆ, ಮೂರು ತಿಂಗಳಿಂದ ಕೆಟ್ಟು ಕೂತಿರುವ ಗೀಸರ್ ಯಾವ ಶನಿವಾರದ ಲೆಕ್ಕಕ್ಕೆ ಬರುತ್ತದೆ ಎಂದು ಅವಳು ಕೇಳಿದಳು. ನ್ಯಾಯವಾದ ಪ್ರಶ್ನೆಯಾದ್ದರಿಂದ ಮೊದಲು ಗೀಸರ್ ಸರಿಮಾಡಿಸಿದೆ.

ಸೆಪ್ಟೆಂಬರಿನ ಎರಡನೇ ಶನಿವಾರ ಬೆಳಿಗ್ಗೆ ಯಶವಂತಪುರದಲ್ಲಿ ರೈಲು ಹತ್ತಿ ಊರು ಸೇರಿದೆ. ಊಟವಾದ ಮೇಲೆ ಅವ್ವನನ್ನು ಜಗುಲಿಯ ಮೇಲೆ ಕೂರಿಸಿ, ಮೊಬೈಲಿನಲ್ಲಿ ಧ್ವನಿಮುದ್ರಣ ಒತ್ತಿ, ‘ಅವ್ವ, ನಿನಗೆ ಗೊತ್ತಿರೋ ಗಾದೆ ಎಲ್ಲ ಹೇಳು’ ಎಂದೆ. ಅವಳು ಸೆರಗು ಸರಿಮಾಡಿಕೊಂಡಳು, ಗಂಟಲು ಸರಿಮಾಡಿಕೊಂಡಳು, ತಾಲ್ಲೂಕು ಕಚೇರಿಯಲ್ಲಿ ಅಧಿಕಾರಿಯ ಮುಂದೆ ನಿಂತವಳ ಹಾಗೆ ಮಾತನಾಡತೊಡಗಿದಳು. ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’, ‘ಕೈ ಕೆಸರಾದರೆ ಬಾಯಿ ಮೊಸರು’, ‘ಹಾಸಿಗೆ ಇದ್ದಷ್ಟು ಕಾಲು ಚಾಚು’, ‘ಮಾಡಿದ್ದುಣ್ಣೋ ಮಹಾರಾಯ’. ಎಲ್ಲವೂ ಶಾಲೆಯ ಪುಸ್ತಕದಲ್ಲಿರುವಂಥವು. ನಾಲ್ಕಾದ ಮೇಲೆ ನಿಲ್ಲಿಸಿ, ‘ಅಷ್ಟೇ ಕಣಪ್ಪ, ನಂಗೇನ್ ಗೊತ್ತು’ ಎಂದಳು. ಮುದ್ರಣ ಎರಡು ನಿಮಿಷ ಹನ್ನೊಂದು ಸೆಕೆಂಡು ಬಂದಿತ್ತು, ಅದರಲ್ಲಿ ಅರ್ಧ ಭಾಗ ಹಿತ್ತಲಿನ ಕೋಳಿಯ ಕೂಗು. ಬಂದದ್ದು ಬಂದೆ, ಕೆಲಸಕ್ಕಾದರೂ ಆಗು ಎಂಬಂತೆ ಅವಳು ನನ್ನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ಕೆಡವಿ ರಾಶಿ ಹಾಕಿದ್ದ ತೆಂಗಿನಕಾಯಿಗಳನ್ನು ಆಳಿನ ಜೊತೆ ಸೇರಿ ಅಟ್ಟಕ್ಕೆ ಏರಿಸಲು ಹೇಳಿದಳು. ನಮ್ಮ ಸೀಮೆಯ ಉಂಡೆ ಕೊಬ್ಬರಿ ಬೆಂಕಿಯಲ್ಲೂ ಬಿಸಿಲಲ್ಲೂ ಆಗುವುದಲ್ಲ. ಚೆನ್ನಾಗಿ ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟದಲ್ಲಿ ಹತ್ತು ಹನ್ನೆರಡು ತಿಂಗಳು ಇಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಇಡಿಯಾದ ಉಂಡೆಯಾಗುತ್ತದೆ. ಸಂಜೆಯವರೆಗೆ ಕಾಯಿ ಎಸೆದು ಎರಡೂ ತೋಳು ಬಿದ್ದುಹೋದವು. ಗಾದೆಯ ಲೆಕ್ಕದಲ್ಲಿ ಆ ಪ್ರಯಾಣ ಪೂರ್ತಿ ನಷ್ಟವೆಂದೇ ಬರೆದುಕೊಂಡೆ.

ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿಯೂ ಹೆಚ್ಚೇನೂ ಆಗಲಿಲ್ಲ. ಮಳೆಯ ಗಾದೆ, ಮದುವೆಯ ಗಾದೆ, ಸಾಲದ ಗಾದೆ ಎಂದು ವಿಭಾಗ ಮಾಡಿಕೊಂಡು ಹೋಗಿ ಒಂದೊಂದಾಗಿ ಕೇಳಿದೆ. ‘ಸಾಲದ ಮೇಲೆ ಯಾವುದಾದರೂ ಹೇಳವ್ವ’ ಎಂದರೆ ಅವಳಿಗೆ ಸಾಲದ ಗಾದೆ ನೆನಪಾಗುವ ಬದಲು ನಮ್ಮೂರಿನಲ್ಲಿ ಯಾರು ಯಾರಿಂದ ಎಷ್ಟು ಸಾಲ ತಂದಿದ್ದಾರೆ ಎಂಬುದೆಲ್ಲ ನೆನಪಾಗುತ್ತಿತ್ತು. ಅದು ಸ್ವಾರಸ್ಯಕರವಾಗಿತ್ತು, ಆದರೆ ಬರೆದುಕೊಳ್ಳುವಂಥದ್ದಾಗಿರಲಿಲ್ಲ.

ದಾರಿ ತಾನಾಗಿ ತೆರೆದದ್ದು ಡಿಸೆಂಬರಿನಲ್ಲಿ, ಅವರೆಕಾಯಿಯ ಕಾಲದಲ್ಲಿ. ಅವ್ವ ಹಿತಕಿದ ಬೇಳೆ ಸಾರು ಮಾಡಬೇಕೆಂದು ಹಿಂದಿನ ರಾತ್ರಿಯೇ ಒಂದು ಪಾತ್ರೆ ಅವರೆಕಾಳು ನೆನೆಹಾಕಿದ್ದಳು. ಈ ಅಡುಗೆ ಮಾಡಿದವರಿಗೆ ಗೊತ್ತು, ಅದರಲ್ಲಿ ಅಡುಗೆ ಕಡಿಮೆ, ಹಿತಕುವುದೇ ಹೆಚ್ಚು. ನೆನೆದ ಕಾಳನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಹದವಾಗಿ ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಒತ್ತು ಹೆಚ್ಚಾದರೆ ಬೇಳೆ ಮುರಿಯುತ್ತದೆ ಇಲ್ಲವೇ ಅಡುಗೆಮನೆಯ ಆಚೆಯ ಗೋಡೆ ಸೇರುತ್ತದೆ. ಮೊದಲ ಅರ್ಧ ಗಂಟೆ ನನ್ನ ಬೇಳೆಗಳು ಗೋಡೆಯ ಕಡೆಗೇ ಹೋದವು. ಕೈಯೆಲ್ಲ ಲೋಳೆಯಾಗಿತ್ತು, ಪೆನ್ನು ಹಿಡಿಯುವ ಹಾಗಿರಲಿಲ್ಲ, ಮೊಬೈಲಂತೂ ಮುಟ್ಟುವ ಹಾಗೇ ಇರಲಿಲ್ಲ. ನಾನು ಗಾದೆ ಕೇಳುವುದನ್ನೇ ಮರೆತಿದ್ದೆ. ಆಗ, ಪಾತ್ರೆಯ ತಳ ಕೂಡ ಮುಚ್ಚದ ನನ್ನ ಪಾಲಿನ ಬೇಳೆಯನ್ನು ನೋಡಿ ನಾನು ನಿಟ್ಟುಸಿರು ಬಿಟ್ಟಾಗ ಅವ್ವ, ‘ಹನಿ ಹನಿ ಗೂಡಿದ್ರೆ ಹಳ್ಳ, ತೆನೆ ತೆನೆ ಗೂಡಿದ್ರೆ ಬಳ್ಳ, ಹಿತಕು ಸುಮ್ನೆ’ ಎಂದಳು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಅಣ್ಣತಮ್ಮಂದಿರ ಜಮೀನಿನ ವ್ಯಾಜ್ಯದ ಮಾತು ಬಂತು, ‘ಎತ್ತು ಏರಿಗೆಳೀತು, ಕೋಣ ನೀರಿಗೆಳೀತು’ ಎಂದು ಆ ಮಾತನ್ನು ಮುಗಿಸಿದಳು. ಹೊಲ ಮಾರಿ ಪೇಟೆಯಲ್ಲಿ ಮನೆ ಮಾಡಿದವನೊಬ್ಬನ ಸುದ್ದಿಗೆ ‘ಕೂತು ಉಂಡ್ರೆ ಕುಡಿಕೆ ಹೊನ್ನೂ ಸಾಲ್ದು’ ಎಂದಳು. ಮಧ್ಯಾಹ್ನದವರೆಗೆ ಹೀಗೆಯೇ ಸಾಗಿತು, ಮತ್ತು ನಾನು ಒಂದನ್ನೂ ಕೇಳಿರಲಿಲ್ಲ.

ಕೈ ತೊಳೆದು ಪುಸ್ತಕ ತೆಗೆದಾಗ ನೆನಪಿಗೆ ಬಂದವು ಒಂಬತ್ತು ಮಾತ್ರ. ಕೇಳಿದ್ದು ಅದರ ಎರಡರಷ್ಟಾದರೂ ಇರಬೇಕು. ಹೋದವುಗಳಿಗಾಗಿ ಮೊದಲು ಹೊಟ್ಟೆ ಉರಿಯಿತು. ಆದರೆ ಉಳಿದ ಒಂಬತ್ತನ್ನೂ ನಾನು ಇವತ್ತು ಪುಸ್ತಕ ನೋಡದೆ ಹೇಳಬಲ್ಲೆ, ಯಾವುದು ಯಾವ ಮಾತಿಗೆ ಬಂತು ಎಂಬುದನ್ನೂ ಸೇರಿಸಿ. ಅವ್ವನ ತಲೆಯಲ್ಲಿ ಗಾದೆಗಳ ಪಟ್ಟಿ ಎಂಬುದೊಂದು ಇಲ್ಲವೇ ಇಲ್ಲ. ಸಂದರ್ಭ ಬಂದರೆ ಗಾದೆ ಬರುತ್ತದೆ, ಸಂದರ್ಭವಿಲ್ಲದೆ ಕೇಳಿದರೆ ಅವಳಿಗೂ ಅದು ಸಿಗುವುದಿಲ್ಲ. ಇದನ್ನು ತಿಳಿಯಲು ನನಗೆ ನಾಲ್ಕು ತಿಂಗಳು ಹಿಡಿದಿತ್ತು. ಅಲ್ಲಿಂದ ಮುಂದೆ ನಾನು ಕೇಳುವುದನ್ನು ಬಿಟ್ಟು ಅವಳ ಜೊತೆ ಕೆಲಸಕ್ಕೆ ಕೂರತೊಡಗಿದೆ. ಊರಿಗೆ ಹೋದಾಗ ನನ್ನ ಕೈಗೆ ಮೊಬೈಲ್ ಬದಲು ಮೊರ, ಈಳಿಗೆಮಣೆ, ಪೊರಕೆ ಬರುವಂತಾಯಿತು.

ಬಳ್ಳ ಎಂದರೇನು ಎಂದು ನನ್ನ ಮಗಳು ಕೇಳಿದಾಗ ನಾನು ಧಾನ್ಯ ಅಳೆಯುವ ಅಳತೆ ಎಂದಷ್ಟೇ ಹೇಳಬಲ್ಲವನಾಗಿದ್ದೆ. ಒಂದು ನಾಲ್ಕನೇ ಶನಿವಾರ ಅವಳನ್ನು ಕರೆದುಕೊಂಡು ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೋಗಿ, ಕಿಟ್ಟೆಲ್ ಅವರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ನಿಘಂಟನ್ನು ತೆಗೆಸಿ ನೋಡಿದೆವು. ಆ ಪಾದ್ರಿ ಒಂದು ಪದಕ್ಕೆ ಅರ್ಥ ಬರೆದು ಸುಮ್ಮನಾಗದೆ, ಆ ಪದ ಬರುವ ಗಾದೆಗಳನ್ನೂ ಎಷ್ಟೋ ಕಡೆ ಕೆಳಗೆ ಕೊಟ್ಟಿದ್ದಾರೆ. ಪದವನ್ನು ಜನ ಬಳಸುವ ಜಾಗದಲ್ಲಿಯೇ ಹಿಡಿದು ತೋರಿಸಬೇಕೆಂದು ಜರ್ಮನಿಯಿಂದ ಬಂದವರಿಗೆ ಹೊಳೆದದ್ದು, ಊರಿನಲ್ಲಿಯೇ ಹುಟ್ಟಿದ ನನಗೆ ಹೊಳೆಯಲು ಅವರೆಕಾಳು ಹಿತಕಬೇಕಾಯಿತು. ಸೇರು, ಬಳ್ಳ, ಕೊಳಗಗಳು 1956ರ ಕಾಯಿದೆಯ ನಂತರ ಮೆಟ್ರಿಕ್ ಪದ್ಧತಿ ಬಂದು ಅಂಗಡಿಗಳಿಂದ ಮೆಲ್ಲಗೆ ಜಾಗ ಖಾಲಿಮಾಡಿದವು. ಗಾದೆಯಿಂದ ಅವನ್ನು ಎಬ್ಬಿಸಲು ಯಾವ ಕಾಯಿದೆಗೂ ಆಗಿಲ್ಲ.

ಜನವರಿಯ ಭೇಟಿಯನ್ನು ನಾನು ಸ್ವಲ್ಪ ವಿವರವಾಗಿ ಹೇಳಬೇಕು. ಅವ್ವ ಹೊಲದ ಒಂದು ಮೂಲೆಯಲ್ಲಿ ಮನೆಮಟ್ಟಿಗೆ ಹುರುಳಿ ಹಾಕಿಸಿದ್ದಳು. ದೊಡ್ಡ ರಾಶಿಗಳಿಗೆ ಈಗ ಯಂತ್ರ ಬಂದಿದೆ, ಇಲ್ಲವೇ ರಸ್ತೆಯ ಮೇಲೆ ಹರವಿ ಬಸ್ಸು ಲಾರಿಗಳಿಂದ ತುಳಿಸುತ್ತಾರೆ. ಒಂದು ಮೂಟೆ ಹುರುಳಿಗೆ ಅದೆಲ್ಲ ಏಕೆಂದು ಅವಳು ಅಂಗಳದಲ್ಲಿಯೇ ಕೋಲಿನಿಂದ ಬಡಿಸಿ ತೂರಲು ಅಣಿಮಾಡಿದ್ದಳು. ತೂರುವುದಕ್ಕೆ ಗಾಳಿ ಬೇಕು, ಆ ಬೆಳಿಗ್ಗೆ ಗಾಳಿ ಇರಲಿಲ್ಲ. ತೆಂಗಿನ ಗರಿಯ ತುದಿ ಕೂಡ ಅಲುಗುತ್ತಿರಲಿಲ್ಲ. ಮೊರ ತೊಡೆಯ ಮೇಲಿಟ್ಟುಕೊಂಡು ಅವ್ವ ಕಲ್ಲಿನ ಮೇಲೆ ಕೂತಳು, ನಾನು ಪಕ್ಕದಲ್ಲಿ ಕೂತೆ. ಹತ್ತು ನಿಮಿಷವಾಯಿತು. ‘ಫ್ಯಾನ್ ತಂದು ಹಚ್ಚಲಾ?’ ಎಂದೆ. ‘ನಿಧಾನವೇ ಪ್ರಧಾನ, ಕೂತ್ಕೋ’ ಎಂದಳು. ಮತ್ತೆ ಹತ್ತು ನಿಮಿಷ. ನನಗೆ ತಡೆಯಲಾಗದೆ ಜೇಬಿನಿಂದ ಮೊಬೈಲ್ ತೆಗೆದು ಶಾಖೆಯ ಗುಂಪಿನಲ್ಲಿ ಬಂದಿದ್ದ ಸಂದೇಶವೊಂದಕ್ಕೆ ಉತ್ತರ ಬರೆಯತೊಡಗಿದೆ. ಕತ್ತೆತ್ತಿ ನೋಡುವಷ್ಟರಲ್ಲಿ ಅವ್ವ ಎದ್ದು ನಿಂತು ಮೊರವನ್ನು ತಲೆಯ ಮಟ್ಟಕ್ಕೆ ಎತ್ತಿಯಾಗಿತ್ತು. ಮೊರದ ಅಂಚಿನಿಂದ ಕಾಳು ನೇರ ಅವಳ ಪಾದದ ಬಳಿ ಸುರಿಯುತ್ತಿತ್ತು, ಹೊಟ್ಟು ಹೊಗೆಯ ಹಾಗೆ ಬೇಲಿಯ ಕಡೆಗೆ ಸರಿದು ಹೋಗುತ್ತಿತ್ತು. ಅವಳು ಮೊರ ಅಲ್ಲಾಡಿಸುತ್ತಿರುವುದು ಕಣ್ಣಿಗೆ ಕಾಣುತ್ತಲೇ ಇರಲಿಲ್ಲ, ಮಣಿಕಟ್ಟಿನಲ್ಲಿ ಮಾತ್ರ ಸಣ್ಣ ನಡುಕವಿತ್ತು. ‘ಗಾಳಿ ಬಂದಾಗ ತೂರ್ಕೋಬೇಕು, ತಗೊಳೋ ಮೊರ’ ಎಂದಳು. ನಾನು ಮೊಬೈಲನ್ನು ಜೇಬಿಗೆ ಹಾಕಿ, ಇನ್ನೊಂದು ಮೊರ ಹುಡುಕಿ, ಕಾಳು ತುಂಬಿಕೊಂಡು ಎತ್ತುವ ಹೊತ್ತಿಗೆ ಗರಿಗಳು ಮತ್ತೆ ನಿಂತುಬಿಟ್ಟಿದ್ದವು. ನನ್ನ ಮೊರದ ಕಾಳೂ ಹೊಟ್ಟೂ ಒಟ್ಟಿಗೆ ನನ್ನ ಕಾಲ ಮೇಲೆಯೇ ಬಿದ್ದವು.

ಗಾದೆಗಳು ಒಂದಕ್ಕೊಂದು ವಿರುದ್ಧವಾಗಿ ಮಾತನಾಡುತ್ತವೆ ಎಂದು ಹಲವರು ಆಕ್ಷೇಪಿಸುತ್ತಾರೆ, ನಾನೂ ಹಾಗೆಯೇ ತಿಳಿದಿದ್ದೆ. ನಿಧಾನವೇ ಪ್ರಧಾನ ಎನ್ನುವ ಬಾಯಿಯೇ ಗಾಳಿ ಬಂದಾಗ ತೂರಿಕೋ ಎನ್ನುವುದು, ತಾಳಿದವನು ಬಾಳಿಯಾನು ಎನ್ನುವವರೇ ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುವುದು, ಕಾಗದದ ಮೇಲೆ ಎದುರುಬದುರಾಗಿಯೇ ಕಾಣುತ್ತದೆ. ಆ ಬೆಳಿಗ್ಗೆ ಎರಡೂ ಒಂದೇ ಮೊರಕ್ಕೆ, ಒಂದೇ ಅರ್ಧ ಗಂಟೆಗೆ ಸೇರಿದ ಮಾತುಗಳಾಗಿದ್ದವು. ಮೊದಲನೆಯದನ್ನು ಪಾಲಿಸುತ್ತ ಕೂತವಳಿಗೆ ಮಾತ್ರ ಎರಡನೆಯದನ್ನು ಪಾಲಿಸಲು ಸಾಧ್ಯವಾಯಿತು. ನಾನು ಕಾಯುತ್ತಿಲ್ಲದ ಕಾರಣ ಗಾಳಿ ಬಂದದ್ದೇ ನನಗೆ ಗೊತ್ತಾಗಲಿಲ್ಲ. ಅದನ್ನು ಪುಸ್ತಕದಲ್ಲಿ ಬರೆಯುವಾಗ ಎರಡನ್ನೂ ಒಂದೇ ಸಾಲಿನಲ್ಲಿ ಬರೆದೆ.

ಇಷ್ಟರಿಂದಲೇ ನಾನು ಬುದ್ಧಿವಂತನಾದೆ ಎಂದುಕೊಂಡದ್ದು ತಪ್ಪಾಯಿತು. ಫೆಬ್ರವರಿಯಲ್ಲಿ ಒಬ್ಬರು ಮಗಳ ಮದುವೆಗೆಂದು ಮನೆಯ ಚಿನ್ನವನ್ನೆಲ್ಲ ಅಡವಿಟ್ಟು ಸಾಲ ಕೇಳಲು ನಮ್ಮ ಶಾಖೆಗೆ ಬಂದರು. ಛತ್ರಕ್ಕೆ ಮುಂಗಡ ಕೊಟ್ಟಾಗಿತ್ತು, ಪತ್ರಿಕೆ ಹಂಚಿಯಾಗಿತ್ತು. ಅವರ ಮೇಲಿನ ಕಾಳಜಿಯಿಂದಲೇ, ತಿಂಗಳುಗಟ್ಟಲೆ ಗಾದೆ ಬರೆದ ಹುರುಪಿನಿಂದಲೂ, ‘ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ ಯಜಮಾನರೇ’ ಎಂದುಬಿಟ್ಟೆ. ಅವರು ಏನೂ ಹೇಳಲಿಲ್ಲ. ಚಿನ್ನದ ಪೊಟ್ಟಣವನ್ನು ಕರವಸ್ತ್ರದಲ್ಲಿ ಮತ್ತೆ ಸುತ್ತಿ, ಸಹಿ ಮಾಡಬೇಕಾದ ಕಡೆ ಸಹಿ ಮಾಡದೆ ಎದ್ದು ಹೋದರು. ಬೇರೆಲ್ಲಿಯೋ, ಇನ್ನೂ ಹೆಚ್ಚಿನ ಬಡ್ಡಿಗೆ ತೆಗೆದುಕೊಂಡಿರಬೇಕು. ಆ ತಿಂಗಳು ಊರಿಗೆ ಹೋದಾಗ ಹುಣಸೆಹಣ್ಣು ಬಿಡಿಸುತ್ತ ಅವ್ವನಿಗೆ ಇದನ್ನು ಹೇಳಿದೆ. ಅವಳು ಬೀಜ ಬೇರೆ ಹಾಕುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕಾಲು ಚಾಚಿದೋನಿಗೆ ಹೇಳೋ ಮಾತಲ್ಲ ಅದು, ಹಾಸಿಗೆ ಹಾಸೋವಾಗ ಹೇಳ್ಬೇಕು’ ಎಂದಳು. ಇದು ಗಾದೆಯೇ, ಅವಳ ಸ್ವಂತ ಮಾತೇ ಎಂದು ನಾನು ಕೇಳಿದೆ. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಆ ದಿನದಿಂದ ಪುಸ್ತಕದಲ್ಲಿ ಆ ಭೇದ ಮಾಡುವುದನ್ನು ನಿಲ್ಲಿಸಿದೆ.

ಹಾಗೆಂದು ಹಳೆಯ ಮಾತೆಲ್ಲ ಬಂಗಾರವೆಂದು ನಾನು ಹೇಳಲಾರೆ. ಒಂದು ಜಾತಿಯವರು ಇನ್ನೊಂದು ಜಾತಿಯವರನ್ನು ಹೀನಾಯವಾಗಿ ಆಡಿಕೊಳ್ಳುವ ಗಾದೆಗಳು ನಮ್ಮಲ್ಲಿ ಹೇರಳವಾಗಿವೆ, ಅವನ್ನು ನಾನೂ ಕೇಳಿ ಬೆಳೆದಿದ್ದೇನೆ, ಇಲ್ಲಿ ಮತ್ತೆ ಹೇಳುವುದಿಲ್ಲ. ಹೆಂಗಸರ ಮೇಲಿನವು ಅದಕ್ಕಿಂತ ಕಡಿಮೆಯೇನಲ್ಲ. ‘ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ’ ಎಂಬುದನ್ನು ಬರೆದುಕೊಳ್ಳಬೇಕೇ ಬೇಡವೇ ಎಂಬ ಅನುಮಾನದಿಂದ ಅವ್ವನನ್ನೇ ಕೇಳಿದೆ. ಅವಳು ನಕ್ಕು, ‘ಬರ್ಕೋ. ಜೀವಮಾನೆಲ್ಲ ಕುಕ್ಕರಗಾಲಲ್ಲಿ ಕೂತು ಒಲೆ ಊದಿದೋಳಿಗೆ ಎಲ್ಲಾನೂ ಮೊಣಕಾಲ ಹತ್ರಾನೇ ಇರುತ್ತೆ’ ಎಂದಳು. ಗಾದೆಯನ್ನೂ ಅದರ ಪಕ್ಕದಲ್ಲಿ ಅವಳ ಉತ್ತರವನ್ನೂ ಬರೆದಿದ್ದೇನೆ. ಎರಡನೆಯದಿಲ್ಲದೆ ಮೊದಲನೆಯದನ್ನು ಯಾರೂ ನಕಲು ಮಾಡಿಕೊಳ್ಳಬಾರದೆಂದು ಕೆಂಪು ಶಾಯಿಯಲ್ಲಿ ಗೆರೆಯನ್ನೂ ಎಳೆದಿದ್ದೇನೆ.

ಮಾರ್ಚ್ ತಿಂಗಳಲ್ಲಿ ಹೋಗಲಾಗಲಿಲ್ಲ. ಆರ್ಥಿಕ ವರ್ಷದ ಕೊನೆಯ ತಿಂಗಳು ನಮ್ಮಲ್ಲಿ ರಜೆಯಿದ್ದರೂ ರಜೆಯಲ್ಲ. ಅಪರಾಧಿಯಂತೆ ಫೋನ್ ಮಾಡಿದರೆ ಅವ್ವ, ‘ನಮಗೆ ಕಣದ ಸುಗ್ಗಿ ಇದ್ದಂಗೆ ನಿಮಗೆ ಮಾರ್ಚು, ಬಿಟ್ ಬರಕ್ಕಾಗುತ್ತಾ’ ಎಂದು ತಾನೇ ಸಮಾಧಾನ ಹೇಳಿದಳು.

ಏಪ್ರಿಲ್, ಮೇ ತಿಂಗಳುಗಳಲ್ಲಿ ನಾನು ಕಲಿತದ್ದು ಮಳೆಯ ಲೆಕ್ಕ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಗಳನ್ನು ನಮ್ಮ ರೈತರು ಆ ನಕ್ಷತ್ರದ ಮಳೆ ಎಂದು ಕರೆಯುತ್ತಾರೆ. 27 ನಕ್ಷತ್ರಗಳಿಗೆ ಒಂದು ವರ್ಷ. ಏಪ್ರಿಲ್ ನಡುವಿನಲ್ಲಿ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಜೂನ್ 22ರ ಆಸುಪಾಸಿನಲ್ಲಿ ಆರಿದ್ರೆ, ಆಗಸ್ಟ್ ನಡುವಿನಲ್ಲಿ ಮಘೆ, ಅಕ್ಟೋಬರ್ ಕೊನೆಯ ವಾರದಲ್ಲಿ ಸ್ವಾತಿ ಹುಟ್ಟುತ್ತವೆ. ಮಳೆ ‘ಹುಟ್ಟುತ್ತದೆ’ ಎಂದೇ ಹೇಳುವುದು, ಬರಲಿ ಬಿಡಲಿ. ಅಶ್ವಿನಿಯಲ್ಲಿ ಬಂದರೆ ಸಸ್ಯನಾಶಿನಿ, ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’, ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’, ‘ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ’. ತಿಪಟೂರಿನ ಕಡೆ ಭರಣಿಗೆ ವಿಶೇಷ ಮಾನ. ಆ ಹದಕ್ಕೆ ಹೆಸರು, ಅಲಸಂದೆ ಬಿತ್ತಿದರೆ ಅವು ಜುಲೈ ಹೊತ್ತಿಗೆ ಕೈಗೆ ಬಂದು, ಅದೇ ಹೊಲದಲ್ಲಿ ರಾಗಿ ಹಾಕಬಹುದು. ಈ ವರ್ಷ ಭರಣಿ ಹುಟ್ಟಿ ಮೂರು ದಿನಕ್ಕೆ ಒಂದು ಹದ ಮಳೆ ಬಂತು. ನಾನು ಊರಿನಲ್ಲಿರಲಿಲ್ಲ, ಅವ್ವ ರಾತ್ರಿ ಒಂಬತ್ತು ಗಂಟೆಗೆ ಫೋನ್ ಮಾಡಿ, ಬೇರೇನೂ ಹೇಳದೆ, ‘ಭರಣಿ ಬಂತು’ ಎಂದಷ್ಟೇ ಹೇಳಿ ಇಟ್ಟಳು.

ಈ ಗಾದೆಗಳನ್ನು ಹವಾಮಾನ ಮುನ್ಸೂಚನೆಯೆಂದು ನಂಬಬೇಕೆಂದು ನಾನು ವಾದಿಸುವವನಲ್ಲ. ‘ಈಗ ಯಾವ ಮಳೆಗೂ ಮಾತಿಲ್ಲ’ ಎಂದು ಅವ್ವನೇ ಹೇಳುತ್ತಾಳೆ, ಬಿತ್ತುವ ಮೊದಲು ಟಿವಿಯನ್ನೂ ನೋಡುತ್ತಾಳೆ. ನನಗೆ ಅವು ಹಿಡಿಸಿದ್ದು ಬೇರೆ ಕಾರಣಕ್ಕೆ. ನನ್ನ ಮೇಜಿನ ಕ್ಯಾಲೆಂಡರಿನಲ್ಲಿ ತಿಂಗಳು ಎಂದರೆ ಗುರಿ, ತ್ರೈಮಾಸಿಕ ಎಂದರೆ ಇನ್ನೂ ದೊಡ್ಡ ಗುರಿ. ಅವ್ವನ ವರ್ಷದಲ್ಲಿ ಪ್ರತಿ ಹದಿನಾಲ್ಕು ದಿನಕ್ಕೂ ಒಂದು ಹೆಸರಿದೆ, ಆ ಹೆಸರಿನಲ್ಲಿ ಒಂದು ಕೆಲಸವಿದೆ, ಆ ಕೆಲಸ ಆ ಮಳೆ ದಾಟಿದರೆ ಮುಂದಿನ ವರ್ಷಕ್ಕೆ ಹೋಯಿತು. ನಾನೂ ಈಗ ಕಚೇರಿಯ ಕ್ಯಾಲೆಂಡರಿನ ಮೂಲೆಯಲ್ಲಿ ಪೆನ್ಸಿಲಿನಿಂದ ನಕ್ಷತ್ರದ ಹೆಸರು ಬರೆಯುತ್ತೇನೆ, ಅದರ ಕೆಳಗೆ ಆ ಮಳೆಯೊಳಗೆ ಆಗಬೇಕಾದ ಒಂದೇ ಒಂದು ಕೆಲಸವನ್ನು ಬರೆಯುತ್ತೇನೆ. ರೋಹಿಣಿಯಲ್ಲಿ ಮಗಳಿಗೆ ಸ್ಕೂಟರ್ ಕಲಿಸಿದೆ. ಆರಿದ್ರೆಯಲ್ಲಿ ಹೆಂಡತಿಯ ಜೊತೆ ಅವಳ ತವರಿಗೆ ಹೋಗಿ ಎರಡು ರಾತ್ರಿ ಉಳಿದು ಬಂದೆ, ಮೃಗಶಿರದಲ್ಲಿ ಮಾಡಬೇಕೆಂದುಕೊಂಡ ಕಣ್ಣಿನ ಪರೀಕ್ಷೆ ಮಾತ್ರ ಇನ್ನೂ ಆಗಿಲ್ಲ. ಸಹೋದ್ಯೋಗಿಗಳು ನಾನು ಜ್ಯೋತಿಷ ಕಲಿಯುತ್ತಿದ್ದೇನೆಂದು ತಿಳಿದಿದ್ದಾರೆ, ಒಬ್ಬರು ಮಗನ ಜಾತಕವನ್ನೂ ತಂದಿದ್ದರು.

ಜುಲೈನ ಎರಡನೇ ಶನಿವಾರ ಅವ್ವ ನನ್ನನ್ನು ಅಟ್ಟ ಹತ್ತಿಸಿದಳು. ಸೆಪ್ಟೆಂಬರಿನಲ್ಲಿ ನಾನು ಎಸೆದಿದ್ದ ಕಾಯಿಗಳು ಅಲ್ಲಿ ಹತ್ತು ತಿಂಗಳಿಂದ ಇದ್ದವು. ಧೂಳು, ಇಲಿಯ ವಾಸನೆ, ಹೆಂಚಿನ ಸಂದಿಯಿಂದ ಬರುವ ನಾಲ್ಕು ಕೋಲು ಬಿಸಿಲು. ನಾನು ಒಂದೊಂದೇ ಕಾಯಿಯನ್ನು ಕೆಳಗೆ ಕೊಡುವುದು, ಏಣಿಯ ಬುಡದಲ್ಲಿ ನಿಂತ ಅವಳು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಎಡಕ್ಕೋ ಬಲಕ್ಕೋ ಇಡುವುದು. ಗುಳುಗುಳು ಎಂದರೆ ಒಳಗೆ ಇನ್ನೂ ನೀರಿದೆ, ಅದು ಮತ್ತೆ ಅಟ್ಟಕ್ಕೆ. ಗಡಗಡ ಎಂದರೆ ಉಂಡೆ ಚಿಪ್ಪು ಬಿಟ್ಟಿದೆ, ಅದು ಸುಲಿಯುವುದಕ್ಕೆ. ನಾನೂ ಕೆಲವನ್ನು ಅಲ್ಲಾಡಿಸಿ ನೋಡಿದೆ. ಒಂದರಲ್ಲಿ ನೀರೂ ಇಲ್ಲ, ಗಡಗಡವೂ ಇಲ್ಲ. ಅದನ್ನು ಕೊಟ್ಟಾಗ ಅವಳು ಕಿವಿಯ ಹತ್ತಿರ ಕೂಡ ಒಯ್ಯದೆ, ತೂಕ ನೋಡಿಯೇ ‘ಇನ್ನೊಂದು ಹದಿನೈದು ದಿನ’ ಎಂದು ಪಕ್ಕಕ್ಕಿಟ್ಟಳು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಒತ್ತಿ ಸಿಪ್ಪೆ ಸುಲಿಯುವವನು ಮಧ್ಯಾಹ್ನ ಬಂದ. ಮೊದಲ ಚಿಪ್ಪು ಒಡೆದಾಗ ಒಳಗಿದ್ದ ಉಂಡೆಯನ್ನು ಅವ್ವ ಉಗುರಿನಿಂದ ಕೆರೆದು ನೋಡಿ ನನ್ನ ಕೈಗೆ ಕೊಟ್ಟಳು. ಇಡಿಯಾಗಿತ್ತು, ಎಲ್ಲಿಯೂ ಕಪ್ಪಾಗಿರಲಿಲ್ಲ.

ಸಂಜೆ ಅವಳು ಕೊಬ್ಬರಿಯ ಲೆಕ್ಕ ಬರೆಯಲು ಹಳೆಯ ಕ್ಯಾಲೆಂಡರಿನ ಹಾಳೆ ಹುಡುಕುತ್ತಿದ್ದಳು. ಅಪ್ಪ ಇದ್ದಾಗ ಅದಕ್ಕೆಂದೇ ಒಂದು ಪುಸ್ತಕವಿತ್ತು, ಅದು ಮುಗಿದ ಮೇಲೆ ಹೊಸದನ್ನು ಯಾರೂ ತಂದಿರಲಿಲ್ಲ. ‘ನಿನ್ನ ಗಾದೆ ಪುಸ್ತಕದಾಗೇ ಬರಿ, ಜಾಗ ಐತಲ್ಲ’ ಎಂದಳು. ಪುಸ್ತಕದಲ್ಲಿ ಆಗ 214 ಗಾದೆಗಳಾಗಿದ್ದವು. 215ನೆಯ ಸಾಲಿನಲ್ಲಿ ಅವಳು ಹೇಳಿದಂತೆ ಬರೆದೆ: ಸುಲಿದದ್ದು 640, ಮತ್ತೆ ಅಟ್ಟಕ್ಕೆ ಹೋದದ್ದು 185, ಕೆಟ್ಟದ್ದು 22, ಸುಲಿದವನಿಗೆ ಕೊಡಬೇಕಾದ ಬಾಕಿ 300 ರೂಪಾಯಿ. ‘ಮನೆಗೆ 20 ಇಟ್ಕೊಂಡಿದೀವಿ ಅಂತಾನೂ ಬರಿ’ ಎಂದಳು. ಅದರಲ್ಲಿ ಆರನ್ನು ಆಗಲೇ ನನ್ನ ಚೀಲಕ್ಕೆ ಹಾಕಿಯಾಗಿತ್ತು.